ಇಪ್ಪತ್ತೈದು ಡಾಲರ್ ನಗು

ಸ್ಟ್ಯಾಂಡ್ ಅಪ್ ಕಾಮಿಡಿ ನೋಡುವವರಿಗೆ ಆ ಇಟ್ಟಿಗೆ ಗೋಡೆ ಚೆನ್ನಾಗಿ ಗೊತ್ತು. ಮುಂದೆ ಒಂದು ಮೈಕು, ಒಬ್ಬ ಮನುಷ್ಯ. ಹಿಂದೆ ಗಾರೆ ಬಳಿಯದ ಕೆಂಪು ಇಟ್ಟಿಗೆಯ ಗೋಡೆ. ಈಗ ಅದೊಂದು ಫ್ಯಾಶನ್ನು. ಇಟ್ಟಿಗೆ ಇಲ್ಲದ ಕಡೆ ಇಟ್ಟಿಗೆಯ ಚಿತ್ರವನ್ನಾದರೂ ಅಂಟಿಸುತ್ತಾರೆ :)

ಆದರೆ ಅದು ಶುರುವಾಗಿದ್ದು ಶೋಕಿಗಲ್ಲ, ದುಡ್ಡಿಲ್ಲದ್ದಕ್ಕೆ. 1963ರಲ್ಲಿ ಬಡ್ ಫ್ರೀಡ್‌ಮನ್ ಎಂಬಾತ ನ್ಯೂಯಾರ್ಕಿನಲ್ಲಿ 'ಇಂಪ್ರೊವ್' ಅಂತ ಒಂದು ಕಾಫಿ ಅಂಗಡಿ ತೆರೆದ. ಬ್ರಾಡ್‌ವೇ ನಾಟಕ ಮುಗಿಸಿ ಬರುವ ಗಾಯಕರು ರಾತ್ರಿ ಅಲ್ಲಿ ಕೂತು ಹಾಡಲಿ ಅನ್ನುವುದು ಅವನ ಲೆಕ್ಕ. ಗೋಡೆಯ ಹಲಗೆ ಕಿತ್ತಾಗ ಹಿಂದೆ ಇಟ್ಟಿಗೆ ಕಂಡಿತು. ಮುಚ್ಚಿಸಲು ಕೈಯಲ್ಲಿ ಕಾಸಿರಲಿಲ್ಲ, ಹಾಗೇ ಬಿಟ್ಟ. ಗಾಯಕರ ಹಿಂದೆಯೇ ಹಾಸ್ಯಗಾರರು ಬಂದರು, ಬರಬರುತ್ತಾ ಜಾಗ ಅವರದೇ ಆಯಿತು.

ಗೋಡೆಗೆ ದುಡ್ಡಿರಲಿಲ್ಲ ಅನ್ನುವ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆ ಗೋಡೆಯ ಮುಂದೆ ನಿಂತವನಿಗೂ ದುಡ್ಡಿರಲಿಲ್ಲ ಅನ್ನುವುದು ಅಷ್ಟಾಗಿ ಕೇಳಿಬರುವುದಿಲ್ಲ. ನಾನು ಇವತ್ತು ಹೇಳಹೊರಟಿದ್ದು ಅದನ್ನು.

ಹಳೆಯ ನೈಟ್‌ಕ್ಲಬ್ಬುಗಳಲ್ಲಿ ಹಾಸ್ಯಗಾರ ಅಂದರೆ ಗಾಯಕಿ ಬರುವ ಮೊದಲು ಜನರನ್ನು ಹಿಡಿದಿಡುವವನು. ಸಣ್ಣದೋ ದೊಡ್ಡದೋ, ಅವನಿಗೊಂದು ಸಂಭಾವನೆ ಇರುತ್ತಿತ್ತು. ಇಂಪ್ರೊವ್ ತರಹದ ಹೊಸ ಕ್ಲಬ್ಬುಗಳ ಲೆಕ್ಕವೇ ಬೇರೆ. ಒಂದು ರಾತ್ರಿಗೆ ಒಬ್ಬರಾದ ಮೇಲೊಬ್ಬರಂತೆ ಸಾಲು ಸಾಲು ಹಾಸ್ಯಗಾರರು. ಒಬ್ಬೊಬ್ಬರಿಗೆ ಹದಿನೈದು ಇಪ್ಪತ್ತು ನಿಮಿಷ. ಪ್ರೇಕ್ಷಕ ಬಾಗಿಲಲ್ಲಿ ಪ್ರವೇಶದ ಹಣ ಕೊಡಬೇಕು, ಒಳಗೆ ಕಡೇಪಕ್ಷ ಎರಡು ಡ್ರಿಂಕ್ಸ್ ತೆಗೆದುಕೊಳ್ಳಬೇಕು. ಬಂದದ್ದೆಲ್ಲ ಮಾಲೀಕರಿಗೆ. ಹಾಸ್ಯಗಾರನಿಗೆ ಸಿಗುವುದು ಮೈಕು ಮತ್ತು ಬೆಳಕು, ಅಷ್ಟೇ.

ಇದೇ ಪದ್ಧತಿ ದೊಡ್ಡದಾಗಿ ಬೆಳೆದು ಕೊನೆಗೆ ಒಡೆದು ಹೋಗಿದ್ದು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸಿನಲ್ಲಿ. ಅಲ್ಲಿನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ 'ಸೀರೋಸ್' ಅಂತ ಒಂದು ನೈಟ್‌ಕ್ಲಬ್ ಇತ್ತು. 1940ರಲ್ಲಿ ಶುರುವಾದದ್ದು, ಒಂದು ಕಾಲದಲ್ಲಿ ಹಾಲಿವುಡ್ಡಿನ ತಾರೆಯರೆಲ್ಲ ಬರುತ್ತಿದ್ದ ಜಾಗ. ಅದು ಮುಚ್ಚಿದ ಎಷ್ಟೋ ವರ್ಷಗಳ ಮೇಲೆ, 1972ರ ಏಪ್ರಿಲ್‌ನಲ್ಲಿ, ಅದೇ ಕಟ್ಟಡದಲ್ಲಿ ಸ್ಯಾಮಿ ಶೋರ್ ಎಂಬ ಹಾಸ್ಯಗಾರ ಮತ್ತು ಅವನ ಗೆಳೆಯ ರೂಡಿ ಡಿಲೂಕಾ ಸೇರಿ 'ಕಾಮಿಡಿ ಸ್ಟೋರ್' ತೆರೆದರು. ಸ್ಯಾಮಿ ಲಾಸ್ ವೇಗಸ್‌ನಲ್ಲಿ ಎಲ್ವಿಸ್ ಪ್ರೀಸ್ಲಿಯ ಕಾರ್ಯಕ್ರಮಕ್ಕೆ ಮೊದಲು ಬಂದು ನಗಿಸುತ್ತಿದ್ದವನು. ಆಮೇಲೆ ಗಂಡ ಹೆಂಡಿರ ವಿಚ್ಛೇದನವಾಗಿ ಕ್ಲಬ್ಬು ಹೆಂಡತಿ ಮಿಟ್ಸಿ ಶೋರ್ ಕೈಗೆ ಬಂತು.

ಅದೇ 1972ರ ಮೇ ತಿಂಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಜಾನಿ ಕಾರ್ಸನ್‌ನ 'ಟುನೈಟ್ ಶೋ' ನ್ಯೂಯಾರ್ಕ್ ಬಿಟ್ಟು ಲಾಸ್ ಏಂಜಲೀಸಿನ ಪಕ್ಕದ ಬರ್‌ಬ್ಯಾಂಕಿಗೆ ಬಂತು. ಆ ಕಾಲದಲ್ಲಿ ಕಾರ್ಸನ್ ಮುಂದೆ ಐದಾರು ನಿಮಿಷ ಚೆನ್ನಾಗಿ ನಗಿಸಿದರೆ ಹಣೆಬರಹವೇ ಬದಲು. ಫ್ರೆಡ್ಡಿ ಪ್ರಿಂಜ್ ಎಂಬ ಹತ್ತೊಂಬತ್ತರ ಹುಡುಗ 1973ರ ಡಿಸೆಂಬರ್‌ನಲ್ಲಿ ಆ ಶೋನಲ್ಲಿ ಕಾಣಿಸಿಕೊಂಡ, ಮರುವರ್ಷ ಅವನದೇ ಧಾರಾವಾಹಿ ಟಿವಿಯಲ್ಲಿ ಬರುತ್ತಿತ್ತು. ಇದನ್ನು ಕಂಡ ಹುಡುಗರು ಸುಮ್ಮನಿರುತ್ತಾರೆಯೇ? ಇಂಡಿಯಾನಾದಿಂದ ಡೇವಿಡ್ ಲೆಟರ್‌ಮನ್ ಬಂದ, ಮ್ಯಾಸಚೂಸೆಟ್ಸ್‌ನಿಂದ ಜೇ ಲೆನೋ ಬಂದ, ಸ್ಯಾನ್ ಫ್ರಾನ್ಸಿಸ್ಕೋದಿಂದ ರಾಬಿನ್ ವಿಲಿಯಮ್ಸ್ ಬಂದ. ಹೆಸರು ಉಳಿಯದವರು ಇನ್ನೆಷ್ಟೋ ಜನ. ಟಿವಿಯವರು ಹೊಸಬರನ್ನು ಹುಡುಕಿಕೊಂಡು ಬರುತ್ತಿದ್ದ ಜಾಗ ಕಾಮಿಡಿ ಸ್ಟೋರ್. ಯಾರಿಗೆ ಯಾವ ಹೊತ್ತು ಅನ್ನುವ ಪಟ್ಟಿ ಬರೆಯುತ್ತಿದ್ದವಳು ಮಿಟ್ಸಿ.

ಇದು ಅಂಗಡಿ ಅಲ್ಲ, ಕಾಲೇಜು ಅನ್ನುವುದು ಮಿಟ್ಸಿಯ ವಾದ. (ಹೆಸರು ಮಾತ್ರ 'ಸ್ಟೋರ್' ನೋಡಿ!) ಹುಡುಗರು ಇಲ್ಲಿ ಕಲಿಯುತ್ತಾರೆ, ಎಡವುತ್ತಾರೆ, ತಿದ್ದಿಕೊಳ್ಳುತ್ತಾರೆ, ಕಲಿಯಲು ಬಂದವರಿಗೆ ಯಾರಾದರೂ ಸಂಬಳ ಕೊಡುತ್ತಾರಾ? ಈ ಮಾತು ಪೂರಾ ಸುಳ್ಳೂ ಅಲ್ಲ. ಯಾರಲ್ಲಿ ಏನಿದೆ ಅಂತ ಗುರುತಿಸುವ ಕಣ್ಣು ಆಕೆಗಿತ್ತು. ಸೋಮವಾರ ಯಾರು ಬೇಕಾದರೂ ಬಂದು ಸ್ಟೇಜ್ ಹತ್ತಬಹುದಿತ್ತು. ಹೆಂಗಸರಿಗೆ ಅವಕಾಶ ಸಿಗುವುದು ಕಷ್ಟವಾಗಿದ್ದ ದಿನಗಳಲ್ಲಿ, 1978ರಲ್ಲಿ, ಅವರಿಗೆಂದೇ ಮಹಡಿಯ ಮೇಲೆ ಒಂದು ಕೋಣೆ ಮಾಡಿಕೊಟ್ಟಳು. ಆಗಲೇ ದೊಡ್ಡ ಹೆಸರಾಗಿದ್ದ ರಿಚರ್ಡ್ ಪ್ರಯರ್ ಕೂಡ ಹೊಸ ಸರಕನ್ನು ಒರೆಗೆ ಹಚ್ಚಲು ಬರುತ್ತಿದ್ದದ್ದು ಅಲ್ಲಿಗೇ.

ಕಾಲೇಜಿನ ಮಾತು ಬಿರುಕು ಬಿಟ್ಟಿದ್ದು ದೊಡ್ಡ ಹಾಲ್‌ನಿಂದ. ಮೊದಲು ಆ ಹಾಲ್‌ಗೆ ಹೆಸರಾಂತ ಹಾಸ್ಯಗಾರರನ್ನು ದುಡ್ಡು ಕೊಟ್ಟು ಕರೆಸುತ್ತಿದ್ದರು. ಆಮೇಲೆ ಮಿಟ್ಸಿ ಅದೇ ಹಾಲ್‌ಗೆ ತನ್ನ ಹುಡುಗರನ್ನೇ ಹತ್ತಿಸಿದಳು. ಟಿಕೆಟ್ ಇತ್ತು, ಜನ ಬಂದರು, ನಕ್ಕರು. ಹುಡುಗರಿಗೆ ಮಾತ್ರ ಅದೇ ಸೊನ್ನೆ. ಪಾನೀಯ ತಂದುಕೊಡುವವಳಿಗೆ ಸಂಬಳ ಇದೆ, ಕಕ್ಕಸು ತೊಳೆಯುವವನಿಗೆ ಇದೆ, ಜನ ಯಾರನ್ನು ನೋಡಲು ಬಂದಿದ್ದಾರೋ ಅವನಿಗೆ ಯಾಕಿಲ್ಲ? ಟಾಮ್ ಡ್ರೀಸೆನ್ ಕೇಳಿದ್ದು ಇದನ್ನೇ. ಟಿವಿಯಲ್ಲಿ, ವೇಗಸ್‌ನಲ್ಲಿ ಆಗಲೇ ಚೆನ್ನಾಗಿ ದುಡಿಯುತ್ತಿದ್ದ ಅವನಿಗೆ ಈ ದುಡ್ಡಿನ ಅಗತ್ಯ ಇರಲಿಲ್ಲ. ಆದರೂ ಹುಡುಗರ ಪರ ಮಾತಾಡುವ ಹೊಣೆ ಹೊತ್ತ. ಸಂಘ ಕಟ್ಟಿದರು, ಮಾತುಕತೆ ಮುರಿದುಬಿತ್ತು. 1979ರ ಮಾರ್ಚ್ ಕೊನೆಯಲ್ಲಿ ಹಾಸ್ಯಗಾರರು ಫಲಕ ಹಿಡಿದು ಸನ್‌ಸೆಟ್ ಬುಲೆವಾರ್ಡ್‌ನ ಫುಟ್‌ಪಾತಿನಲ್ಲಿ ನಿಂತರು. ಲೆನೋ ನಿಂತ. ಕಾರ್ಸನ್ ಬದಲಿಗೆ ಟುನೈಟ್ ಶೋ ನಡೆಸಿಕೊಡುವ ಮಟ್ಟಕ್ಕೆ ಬೆಳೆದಿದ್ದ ಲೆಟರ್‌ಮನ್ ಕೂಡ ನಿಂತ. ಗ್ಯಾರಿ ಶಾಂಡ್ಲಿಂಗ್‌ನಂಥ ಕೆಲವರು ಮುಷ್ಕರ ಮೀರಿ ಒಳಗೆ ಹೋದರು. ಒಟ್ಟಿಗೆ ಉಂಡು ಓಡಾಡಿದವರು ಒಬ್ಬರಿಗೊಬ್ಬರು ಮುಖ ತಿರುಗಿಸಿದರು.

ಆರು ವಾರ ನಡೆಯಿತು. ಮೇ ತಿಂಗಳ ಮೊದಲಲ್ಲಿ ಒಪ್ಪಂದವಾಯಿತು: ಒಂದು ಸಲ ಸ್ಟೇಜ್ ಹತ್ತಿದರೆ 25 ಡಾಲರ್. ಮುಷ್ಕರ ಮಾಡಿದವರ ಮೇಲೆ ಹಗೆ ಸಾಧಿಸಬಾರದು ಅಂತಲೂ ಮಾತಾಯಿತು. ದೊಡ್ಡ ಮೊತ್ತವೇನಲ್ಲ. ಆದರೆ ಸೊನ್ನೆಗೂ ಇಪ್ಪತ್ತೈದಕ್ಕೂ ಇರುವ ಅಂತರ, ಇಪ್ಪತ್ತೈದಕ್ಕೂ ಇನ್ನೂರೈವತ್ತಕ್ಕೂ ಇರುವ ಅಂತರಕ್ಕಿಂತ ದೊಡ್ಡದು. ಇಪ್ಪತ್ತೈದು ಅಂದರೆ 'ನೀನು ಮಾಡುವುದು ಕೆಲಸ' ಅಂತ ಒಪ್ಪಿಕೊಂಡ ಹಾಗೆ.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು... ಆದರೆ ಮುಷ್ಕರಕ್ಕೆ ನಿಂತಿದ್ದ ಕೆಲವರು, ಪಟ್ಟಿಯಲ್ಲಿ ತಮ್ಮ ಹೆಸರೇ ಬರುತ್ತಿಲ್ಲ ಅಂತ ದೂರತೊಡಗಿದರು. ಅವರಲ್ಲಿ ನ್ಯೂಯಾರ್ಕಿನಿಂದ ಬಂದಿದ್ದ ಸ್ಟೀವ್ ಲುಬೆಟ್ಕಿನ್ ಒಬ್ಬ. 1979ರ ಜೂನ್ 1ರಂದು ಅವನು ಕ್ಲಬ್ಬಿನ ಪಕ್ಕದಲ್ಲೇ ಆತ್ಮಹತ್ಯೆ ಮಾಡಿಕೊಂಡ. ವಯಸ್ಸು ಮೂವತ್ತು. ಒಬ್ಬ ಮನುಷ್ಯನ ಸಾವಿಗೆ ಇದೊಂದೇ ಕಾರಣ ಅಂತ ಯಾರೂ ಬೆರಳು ಮಾಡಲಾರರು, ಮಾಡಲೂಬಾರದು. ಆದರೆ ಅವನು ಬಿಟ್ಟುಹೋದ ಪುಟ್ಟ ಚೀಟಿಯಲ್ಲಿ ತನ್ನ ಹೆಸರಿನ ಜೊತೆ, ತಾನು ಕಾಮಿಡಿ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದವನು ಅಂತ ಬರೆದಿದ್ದ. ಕಲಿಯುತ್ತಿದ್ದವನು ಅಂತಲ್ಲ, ಕೆಲಸ ಮಾಡುತ್ತಿದ್ದವನು ಅಂತ. ಆರು ವಾರ ಬೀದಿಯಲ್ಲಿ ನಡೆದ ವಾದವೆಲ್ಲ ಆ ಒಂದು ಪದದಲ್ಲಿದೆ ಅನ್ನಿಸುತ್ತದೆ ನನಗೆ.

ಆಮೇಲಿನದು ಗೊತ್ತಿರುವ ಚರಿತ್ರೆ. 1980ರ ದಶಕದಲ್ಲಿ ಕಾಮಿಡಿ ಕ್ಲಬ್ಬುಗಳು ಅಮೆರಿಕಾದ ಊರೂರಿಗೂ ಹಬ್ಬಿದವು. ಲೆಟರ್‌ಮನ್‌ಗೆ 1982ರಲ್ಲಿ ತನ್ನದೇ ರಾತ್ರಿ ಶೋ ಸಿಕ್ಕಿತು. 1992ರಲ್ಲಿ ಕಾರ್ಸನ್‌ನ ಕುರ್ಚಿ ಲೆನೋಗೆ ಬಂತು. ಮಿಟ್ಸಿ 2018ರಲ್ಲಿ, ಫ್ರೀಡ್‌ಮನ್ 2022ರಲ್ಲಿ ತೀರಿಕೊಂಡರು. ಕಾಮಿಡಿ ಸ್ಟೋರ್ ಅದೇ ಜಾಗದಲ್ಲಿದೆ, ಹೊರಗಿನ ಕಪ್ಪು ಗೋಡೆಯ ತುಂಬ ಬಿಳಿ ಅಕ್ಷರದಲ್ಲಿ ಅಲ್ಲಿ ಆಡಿದವರ ಹೆಸರುಗಳು.

ಇದು ಬರೀ ಅಮೆರಿಕಾದ ಕತೆ ಅಂತ ನನಗನ್ನಿಸುವುದಿಲ್ಲ. ನಮ್ಮಲ್ಲೂ 'ವೇದಿಕೆ ಕೊಟ್ಟಿದ್ದೀವಲ್ಲ, ಇನ್ನೇನು ಬೇಕು' ಅನ್ನುವ ಮಾತು ಕಲಾವಿದರಿಗೆ ಹೊಸದಲ್ಲ. ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ಮರ್ಯಾದೆ ಬೇಡ ಅಂತಲ್ಲ. ಆದರೆ ಹಾರ ಕೊಟ್ಟರೆ ಬಾಡಿಗೆ ಕಟ್ಟಿದ ಹಾಗಾಗುತ್ತದಾ? ನಾನೂ ನೀವೂ ಬಿಟ್ಟಿಯಾಗಿಯೇ ಬರೆಯುತ್ತೇವೆ, ಖುಷಿಯಿಂದ ಬರೆಯುತ್ತೇವೆ. ಯಾಕೆಂದರೆ ಇಲ್ಲಿ ಬಾಗಿಲಲ್ಲಿ ಕೂತು ಯಾರೂ ಟಿಕೆಟ್ ಹರಿಯುತ್ತಿಲ್ಲ. ಟಿಕೆಟ್ ಹರಿದ ಮೇಲೆ ಅದು ಕಾಲೇಜಲ್ಲ, ಅಂಗಡಿಯೇ. ಅಲ್ಲಿ ನಗಿಸುವವನಿಗೂ ಕೂಲಿ ಸಿಗಬೇಕು.

ನೀವೇನಂತೀರಿ?