ಕಾಮಣಿ ಇಳಿದ ಮೇಲೆ

ಕುರಕುಂಟಾದ ಕಡೆ ಲಿವರ್ ಮನುಷ್ಯನ ಹೊಟ್ಟೆಯಲ್ಲಿ ಸುಮ್ಮನಿರುವಷ್ಟು ದಿನ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಮಟನ್ ಅಂಗಡಿಯ ತಕ್ಕಡಿಗೆ ಬಂದಾಗ ಅದು ಕಲೇಜಿ, ಶಾಲೆಯ ಪುಸ್ತಕದಲ್ಲಿ ಪಿತ್ತಜನಕಾಂಗ. ಬಾಯಿತುಂಬ ಹೆಸರಿರುವುದು ಅದರ ಬೇನೆಗೆ: ಕಾಮಣಿ. ಕಣ್ಣು ಹಳದಿಯಾದರೆ ಕಾಮಣಿ ಆಯಿತು, ಹಳದಿ ಹೋದರೆ ಇಳಿಯಿತು. ಎಣ್ಣೆ, ಖಾರ ಬಂದ್. ಮಜ್ಜಿಗೆ, ಜೋಳದ ಗಂಜಿ, ನೆಲನೆಲ್ಲಿಯ ರಸ. ಸುಣ್ಣದ ನೀರಿನಲ್ಲಿ ಕೈ ತೊಳೆಸಿ, ನೀರು ಹಳದಿಯಾದದ್ದನ್ನು ತೋರಿಸಿ ‘ನೋಡು, ಇಳೀತು’ ಎನ್ನುವವರೂ ಇದ್ದರು.

ಇವರನ್ನು ನೋಡಿ ನಗುವುದು ಸುಲಭ. ಆದರೆ ಅವರ ಹತ್ತಿರ ಹೋದ ಹೆಚ್ಚಿನವರು ನಿಜವಾಗಿ ಗುಣವಾಗುತ್ತಿದ್ದರು. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ (ಗರ್ಭಿಣಿಯರಿಗೆ ಮಾತ್ರ ಇ ಬಹಳ ಅಪಾಯಕಾರಿ). ಹೆಪಟೈಟಿಸ್ ಬಿ ಹಾಗಲ್ಲ. ರಕ್ತದಿಂದ, ಸೂಜಿಯಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬರುವ ಅದು ಎಷ್ಟೋ ಸಲ ಹಳದಿಯನ್ನು ತೋರಿಸುವುದೇ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಒಳಗೇ ಕೂತು ಯಕೃತ್ತನ್ನು ಗಂಟುಗಟ್ಟಿಸುತ್ತದೆ.

ಈ ವೈರಸ್ಸಿನ ಗುರುತು ಸಿಕ್ಕಿದ್ದು ಅದನ್ನು ಹುಡುಕುತ್ತಲೇ ಇರದವರಿಗೆ. ಅಮೆರಿಕದ ಬರೂಕ್ ಬ್ಲೂಂಬರ್ಗ್ ಬೇರೆ ಬೇರೆ ಜನಾಂಗಗಳ ರಕ್ತದಲ್ಲಿನ ಭೇದಗಳನ್ನು ನೋಡುತ್ತಿದ್ದಾಗ ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ ಒಂದು ಅಪರಿಚಿತ ಪ್ರೋಟೀನು ಕಂಡಿತು. 1965ರಲ್ಲಿ ಪ್ರಕಟಿಸಿದಾಗ ಅದಕ್ಕೆ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಹೆಸರಿಟ್ಟರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈ ಎಂದು ತಿಳಿದದ್ದು ಆಮೇಲೆ. 1976ರಲ್ಲಿ ನೊಬೆಲ್ ಬಂತು. ಅಲ್ಲಿಂದ ಮುಂದೆ ಕಣ್ಣಿನ ಬಣ್ಣದ ಬದಲು ರಕ್ತವನ್ನು ಕೇಳಬಹುದಾಯಿತು.

ಅದೇ ಬ್ಲೂಂಬರ್ಗ್ ಹೆಸರು ನಮ್ಮ ನೆಲನೆಲ್ಲಿಯ ಜೊತೆಗೂ ಸೇರಿಕೊಂಡಿದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಮದ್ರಾಸಿನ ತ್ಯಾಗರಾಜನ್ ಮತ್ತಿತರರೊಂದಿಗೆ ಅವರು 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು: ನೆಲನೆಲ್ಲಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ಆ ಆಂಟಿಜೆನ್ ಮಾಯವಾಯಿತು, ಬರೀ ಹುಸಿಮಾತ್ರೆ ತೆಗೆದುಕೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. ದೊಡ್ಡ ಆಸೆ ಹುಟ್ಟಿತು. ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲಿತಾಂಶ ಮತ್ತೆ ಬರಲಿಲ್ಲ. ನೆಲನೆಲ್ಲಿ ಸೋತಿತೆಂದು ನನಗೆ ಬೇಸರವಿಲ್ಲ, ಅದನ್ನು ಗೌರವದಿಂದ ಪರೀಕ್ಷೆಗೆ ಒಡ್ಡಿದರಲ್ಲ.

ನನ್ನ ಸೋದರಮಾವ ಊರಿನ ಸಿಸಿಐ ಸಿಮೆಂಟ್ ಕಾರ್ಖಾನೆಯಲ್ಲಿದ್ದರು. ಒಮ್ಮೆಯೂ ಕಾಮಣಿ ಆದವರಲ್ಲ, ಒಂದು ಹನಿ ಕುಡಿದವರಲ್ಲ. ಹೊಟ್ಟೆಯಲ್ಲಿ ನೀರು ತುಂಬಿದಾಗ ಹೈದರಾಬಾದಿಗೆ ಹೋದರು. ಸೇಡಂ ಸೀಮೆಯವರಿಗೆ ದವಾಖಾನೆ ಎಂದರೆ ಹೈದರಾಬಾದೇ. 1956ರವರೆಗೆ ರಾಜಧಾನಿಯೂ ಅದೇ, ನಿಜಾಮರ ಕಾಲದಲ್ಲಿ, 1874ರಲ್ಲಿ ಬಂದ ವಾಡಿ–ಸಿಕಂದರಾಬಾದ್ ರೈಲಿನ ದಾರಿಯೂ ಅದೇ. ಅಲ್ಲಿ ರಕ್ತ ನೋಡಿ ಹೆಪಟೈಟಿಸ್ ಬಿ ಎಂದರು. ಮಾವ ಉಳಿಯಲಿಲ್ಲ. ‘ಕುಡಿದು ಕುಡಿದು ಸತ್ತ’ ಎಂದಿತು ಊರು. ಆ ಮಾತು ಅತ್ತೆಯ ಬೆನ್ನು ಬಿಡಲಿಲ್ಲ.

ಕಿಡ್ನಿ ಕೆಟ್ಟರೆ ಡಯಾಲಿಸಿಸ್ ಇದೆ. ಲಿವರಿನ ಕೆಲಸವನ್ನು ಅಷ್ಟು ಕಾಲ ಹೊರುವ ಯಂತ್ರವಿಲ್ಲ. ಅದಕ್ಕೇ ಕಸಿಯ ಹಟ. 1963ರ ಮಾರ್ಚ್ 1ರಂದು ಡೆನ್ವರಿನಲ್ಲಿ ಥಾಮಸ್ ಸ್ಟಾರ್ಜ್ಲ್ ಮೂರು ವರ್ಷದ ಮಗುವಿಗೆ ಮೊದಲ ಕಸಿ ಮಾಡಿದರು. ರಕ್ತ ನಿಲ್ಲದೆ ಮಗು ಮೇಜಿನ ಮೇಲೆಯೇ ತೀರಿತು. ವರ್ಷ ದಾಟಿ ಬದುಕಿದ ಮೊದಲ ರೋಗಿ ಸಿಕ್ಕಿದ್ದು 1967ರ ಕಸಿಯಲ್ಲಿ. ಹೊಸ ಅಂಗವನ್ನು ದೇಹ ತಳ್ಳದಂತೆ ತಡೆಯುವ ಸೈಕ್ಲೋಸ್ಪೋರಿನ್, ನಾರ್ವೆಯ ಮಣ್ಣಿನ ಬೂಷ್ಟಿನಿಂದ ಬಂದದ್ದು, ಎಂಬತ್ತರ ದಶಕದಲ್ಲಿ ಲೆಕ್ಕ ಬದಲಿಸಿತು. ಭಾರತದಲ್ಲಿ ಕಾನೂನು ಆದದ್ದು 1994ರಲ್ಲಿ. 1998ರ ನವೆಂಬರಿನಲ್ಲಿ ದೆಹಲಿಯಲ್ಲಿ ತಂದೆಯ ಯಕೃತ್ತಿನ ತುಂಡು ಪಡೆದ 20 ತಿಂಗಳ ಮಗು ಉಳಿಯಿತು. ಕುರಕುಂಟಾದ ಕಾರ್ಖಾನೆ ನಿಂತದ್ದೂ ಅದೇ ವರ್ಷ.

ಕಸಿ ಎಟುಕದವರಿಗಾಗಿ ಹೈದರಾಬಾದಿನಲ್ಲೇ ಒಂದು ಪ್ರಯತ್ನ ನಡೆದಿತ್ತು. ಡಾ. ಸಿ. ಎಂ. ಹಬೀಬುಲ್ಲಾ ಮತ್ತು ಸಂಗಡಿಗರು ಯಕೃತ್ತು ಒಮ್ಮೆಲೇ ಕೈಕೊಟ್ಟ 7 ರೋಗಿಗಳ ಹೊಟ್ಟೆಯೊಳಗೆ ಭ್ರೂಣದ ಯಕೃತ್ತಿನ ಜೀವಕೋಶಗಳನ್ನು ಬಿಟ್ಟು, 1994ರಲ್ಲಿ ಅದನ್ನು ಪ್ರಕಟಿಸಿದರು. ಇಡೀ ಅಂಗ ಬೇಡ, ಸ್ವಂತ ಲಿವರ್ ಚೇತರಿಸಿಕೊಳ್ಳುವವರೆಗೆ ಸ್ವಲ್ಪ ಆಸರೆ ಸಾಕು ಎಂಬ ಯೋಚನೆ. ಅದು ಎಲ್ಲೆಡೆ ಸಲ್ಲುವ ಚಿಕಿತ್ಸೆಯಾಗಲಿಲ್ಲ. ಆದರೆ ಆ ಪ್ರಶ್ನೆ ನಮ್ಮಂಥ ಊರುಗಳದ್ದು. ಈಗಲೂ ಈ ದೇಶದ ಹೆಚ್ಚಿನ ಕಸಿಗಳು ಜೀವಂತ ದಾನಿಗಳಿಂದ, ಆ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು.

ಕುರಕುಂಟಾದ ಮನೆಗಳಿಗೆ ತಲುಪಿದ್ದು ಬೇರೆಯದೇ ಸಂಗತಿ, ಮತ್ತು ಅದೂ ಹೈದರಾಬಾದಿನದೇ. ವರಪ್ರಸಾದ್ ರೆಡ್ಡಿಯವರ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆ ಹೊರತಂದಿತು. ಆಮದು ಲಸಿಕೆಗೆ ನೂರಾರು ರೂಪಾಯಿ ಇದ್ದ ಕಾಲದಲ್ಲಿ ಇದರಿಂದ ಬೆಲೆ ಕುಸಿಯಿತು. 2007–08ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳ ಸರ್ಕಾರಿ ಲಸಿಕೆ ಪಟ್ಟಿಗೆ ಹೆಪಟೈಟಿಸ್ ಬಿ ಸೇರಿತು. ಈಗ ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಮೊದಲ ಸೂಜಿ.

ಅದಕ್ಕಿಂತ ಮುಂಚೆ ಹುಟ್ಟಿದ ನನ್ನ ವಾರಿಗೆಯವರಿಗೆ ಆ ಸೂಜಿ ಬಿದ್ದಿಲ್ಲ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಪುಕ್ಕಟೆ. ಅತ್ತೆ ತನ್ನಿಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿ ರಕ್ತ ಕೊಡಿಸಿದಳು. ದೊಡ್ಡವನಿಗೆ ಏನೂ ಇಲ್ಲ. ಸಣ್ಣವನಿಗೆ ಇದೆ, ಕಣ್ಣು ಬೆಳ್ಳಗಿದೆ, ಹೊಲದ ಕೆಲಸ ಮಾಡುತ್ತಾನೆ, ದಿನಕ್ಕೊಂದು ಟೆನೊಫೊವಿರ್ ಮಾತ್ರೆ ನುಂಗುತ್ತಾನೆ.