ವಿಶ್ವಸಂಸ್ಥೆಯೂ ಪ್ರಾದೇಶಿಕ ಸಂಘಟನೆಗಳೂ: ಸೈಪ್ರಸ್ (1964) ಮತ್ತು ಬೆಂಗಳೂರು (1986)

ಎರಡನೆಯ ಮಹಾಯುದ್ಧವು ಮುಗಿಯುತ್ತಿದ್ದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸೇರಿದ ರಾಷ್ಟ್ರಗಳ ಮುಂದೆ ಒಂದು ಕಠಿನವಾದ ಪ್ರಶ್ನೆಯಿದ್ದಿತು. ಲೋಕದ ಶಾಂತಿಯನ್ನು ಕಾಯುವ ಭಾರವನ್ನು ಒಂದೇ ಜಾಗತಿಕ ಸಂಸ್ಥೆಗೆ ಒಪ್ಪಿಸಬೇಕೆ, ಅಥವಾ ಆಯಾ ಪ್ರದೇಶದ ರಾಷ್ಟ್ರಕೂಟಗಳಿಗೆ ಹಂಚಿಕೊಡಬೇಕೆ? 1945ರ ಜೂನ್ 26ರಂದು ಸಹಿಯಾದ ಸನ್ನದು ನಡುವಣ ಮಾರ್ಗವನ್ನು ಹಿಡಿಯಿತು. ಭಾರತದ ಪರವಾಗಿ ಅದಕ್ಕೆ ಸಹಿ ಮಾಡಿದವರಲ್ಲಿ, ಮರುವರ್ಷ ಮೈಸೂರು ಸಂಸ್ಥಾನದ ದಿವಾನರಾದ ಸರ್ ಎ. ರಾಮಸ್ವಾಮಿ ಮೊದಲಿಯಾರರೂ ಒಬ್ಬರು. ಸನ್ನದಿನ 52ನೆಯ ವಿಧಿಯಂತೆ ಸ್ಥಳೀಯ ವಿವಾದಗಳನ್ನು ಮೊದಲು ಪ್ರಾದೇಶಿಕ ಸಂಘಟನೆಗಳ ಮೂಲಕ ಶಾಂತಿಯಿಂದ ಪರಿಹರಿಸಲು ಯತ್ನಿಸಬೇಕು. 53ನೆಯ ವಿಧಿಯಂತೆ ಭದ್ರತಾ ಸಮಿತಿಯ ಅನುಮತಿಯಿಲ್ಲದೆ ಅವು ಬಲಪ್ರಯೋಗಕ್ಕೆ ಕೈಹಾಕಕೂಡದು. 54ನೆಯ ವಿಧಿಯಂತೆ ತಾವು ಮಾಡಿದುದನ್ನೂ ಮಾಡಲುದ್ದೇಶಿಸಿದುದನ್ನೂ ಸಮಿತಿಗೆ ಅರಿಕೆ ಮಾಡುತ್ತಿರಬೇಕು.

ವಿಧಿಗಳೇನೋ ಸ್ಪಷ್ಟವಾಗಿವೆ. ಆದರೆ ನೆರೆಯವನು ಜಗಳವನ್ನು ಬಲ್ಲವನಾಗಿರುವಂತೆಯೇ ಜಗಳದಲ್ಲಿ ಪಾಲುಗಾರನೂ ಆಗಿರಬಹುದು. ಆಗ ಯಾವ ಕೆಲಸವು ಪ್ರಾದೇಶಿಕ ಕೂಟಕ್ಕೆ ಸಲ್ಲಬೇಕು, ಯಾವುದು ಸಲ್ಲಬಾರದು? ಕನ್ನಡನಾಡಿನೊಡನೆ ಸಂಬಂಧವುಳ್ಳ ಎರಡು ಪ್ರಸಂಗಗಳ ಮೂಲಕ ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸಲಾಗಿದೆ. ಒಂದು, ಕೊಡಗಿನ ಸೇನಾನಿಯೊಬ್ಬರು ಶಾಂತಿಪಡೆಯ ನಾಯಕರಾಗಿದ್ದ ಸೈಪ್ರಸ್ಸಿನದು; ಇನ್ನೊಂದು, ಬೆಂಗಳೂರಿನಲ್ಲಿ ನಡೆದ ದಕ್ಷಿಣ ಏಷ್ಯದ ಶೃಂಗಸಭೆಯದು.

1

ಸೈಪ್ರಸ್ ದ್ವೀಪವು 1960ರ ಆಗಸ್ಟ್ 16ರಂದು ಸ್ವತಂತ್ರವಾಯಿತು. ಬ್ರಿಟನ್, ಗ್ರೀಸ್ ಮತ್ತು ತುರ್ಕಿ ಅದರ ಸ್ವಾತಂತ್ರ್ಯಕ್ಕೂ ಸಂವಿಧಾನಕ್ಕೂ ಹೊಣೆನಿಂತವು. ಗ್ರೀಕರಲ್ಲೊಬ್ಬರು ಅಧ್ಯಕ್ಷರು, ತುರ್ಕರಲ್ಲೊಬ್ಬರು ಉಪಾಧ್ಯಕ್ಷರು ಎಂಬ ಏರ್ಪಾಡು ಮೂರು ವರ್ಷ ಮಾತ್ರ ನಡೆಯಿತು. 1963ರ ನವೆಂಬರಿನಲ್ಲಿ ಅಧ್ಯಕ್ಷ ಮಕಾರಿಯೋಸರು ಸಂವಿಧಾನಕ್ಕೆ ಹದಿಮೂರು ತಿದ್ದುಪಡಿಗಳನ್ನು ಸೂಚಿಸಿದರು. ಡಿಸೆಂಬರಿನಲ್ಲಿ ಎರಡು ಜನಾಂಗಗಳ ನಡುವೆ ರಕ್ತಪಾತವಾಯಿತು.

1964ರ ಜನವರಿಯ ಕೊನೆಯಲ್ಲಿ ಬ್ರಿಟನ್ನೂ ಅಮೆರಿಕವೂ ಒಂದು ಸಲಹೆಯನ್ನು ಮುಂದಿಟ್ಟವು. ಉತ್ತರ ಅಟ್ಲಾಂಟಿಕ್ ಒಡಂಬಡಿಕೆಯ, ಅಂದರೆ ನೇಟೋ ಕೂಟದ, ರಾಷ್ಟ್ರಗಳ ಸೈನಿಕರಿಂದ ಕೂಡಿದ ಪಡೆಯೊಂದು ದ್ವೀಪದಲ್ಲಿ ಕಾವಲು ನಿಲ್ಲಬೇಕೆಂಬುದು ಅದರ ತಾತ್ಪರ್ಯ. ಹತ್ತಿರವಿದ್ದುದು ನೇಟೋ, ಸೈನ್ಯವೂ ಹಣವೂ ಅದರ ಸದಸ್ಯರಲ್ಲಿದ್ದವು. ಆದರೂ ಮಕಾರಿಯೋಸರು ಇದನ್ನು ಒಪ್ಪಲಿಲ್ಲ. ಗ್ರೀಸೂ ತುರ್ಕಿಯೂ 1952ರಿಂದ ನೇಟೋ ಸದಸ್ಯರು, ಸೈಪ್ರಸ್ ಸದಸ್ಯನಲ್ಲ. ಹೊಣೆನಿಂತ ಮೂರು ರಾಷ್ಟ್ರಗಳೂ ಸೇರಿದ್ದ ಕೂಟವು ಕಳುಹಿಸುವ ಕಾವಲುಗಾರನು ಯಾರ ಪಕ್ಷ ವಹಿಸಿಯಾನು ಎಂಬ ಶಂಕೆ ಸಹಜವಾದುದೇ. ಸೋವಿಯತ್ ಒಕ್ಕೂಟವೂ ಈ ಸಲಹೆಯನ್ನು ವಿರೋಧಿಸಿತು.

ಆದುದರಿಂದ ವಿಷಯವು ಭದ್ರತಾ ಸಮಿತಿಯ ಮುಂದೆ ಬಂದಿತು. ಮಾರ್ಚ್ 4ರ 186ನೆಯ ನಿರ್ಣಯವು, ಸೈಪ್ರಸ್ ಸರಕಾರದ ಸಮ್ಮತಿಯ ಮೇಲೆ, ಮೂರು ತಿಂಗಳ ಅವಧಿಗೆ ಶಾಂತಿಪಡೆಯೊಂದನ್ನು ಸ್ಥಾಪಿಸುವಂತೆ ಶಿಫಾರಸು ಮಾಡಿತು. ಪಡೆಯ ಗಾತ್ರವನ್ನೂ ರಚನೆಯನ್ನೂ ಮಹಾಕಾರ್ಯದರ್ಶಿಗಳು ಸೈಪ್ರಸ್, ಗ್ರೀಸ್, ತುರ್ಕಿ ಮತ್ತು ಬ್ರಿಟನ್ನುಗಳೊಡನೆ ಸಮಾಲೋಚಿಸಿ ಗೊತ್ತುಮಾಡಬೇಕಾಗಿದ್ದಿತು. ಗಮನಿಸಬೇಕಾದ ಅಂಶವೆಂದರೆ, ಮಾರ್ಚ್ 27ರಂದು ಕಾರ್ಯಾರಂಭ ಮಾಡಿದ ಈ ಪಡೆಯಲ್ಲಿ ತಟಸ್ಥರಾಷ್ಟ್ರಗಳಾದ ಸ್ವೀಡನ್, ಫಿನ್ಲೆಂಡ್, ಐರ್ಲೆಂಡುಗಳ ಸೈನಿಕರೊಡನೆ ನೇಟೋ ಸದಸ್ಯರಾದ ಬ್ರಿಟನ್, ಕೆನಡ, ಡೆನ್ಮಾರ್ಕುಗಳ ಸೈನಿಕರೂ ಇದ್ದರು. ಅವರು ಬಂದಾಗ ನಿಶಾನೆ ಬೇರೆಯಾಗಿದ್ದಿತು. ಅವರು ಉತ್ತರ ಹೇಳಬೇಕಾಗಿದ್ದ ಯಜಮಾನನು ಬೇರೆಯಾಗಿದ್ದನು. ಸಮ್ಮತಿಯು ದೊರೆತದ್ದು ಆ ಬದಲಾವಣೆಯಿಂದ.

ಪಡೆಯ ಮೊದಲ ನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಪಿ. ಎಸ್. ಗ್ಯಾನಿ. ಅದೇ ವರ್ಷ ಅವರ ಸ್ಥಾನಕ್ಕೆ ಬಂದವರು ಮಡಿಕೇರಿಯಲ್ಲಿ ಜನಿಸಿದ ಜನರಲ್ ಕೆ. ಎಸ್. ತಿಮ್ಮಯ್ಯನವರು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಇವರು, ಅದಕ್ಕೂ ಮೊದಲು, 1953-54ರಲ್ಲಿ, ಕೊರಿಯದ ಯುದ್ಧಕೈದಿಗಳ ವಿಷಯವಾಗಿ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಉಭಯಪಕ್ಷಗಳ ಒತ್ತಡವನ್ನು ಎದುರಿಸಿದ್ದರು. ಸೈಪ್ರಸ್ಸಿನಲ್ಲಿ ಯಾರನ್ನೂ ಗೆಲ್ಲುವ ಅಧಿಕಾರ ಅವರಿಗಿರಲಿಲ್ಲ. ಹೋರಾಟವು ಮತ್ತೆ ಏಳದಂತೆ ನಡುವೆ ನಿಲ್ಲುವುದಷ್ಟೇ ಅವರ ಕಾರ್ಯ. 1965ರ ಡಿಸೆಂಬರ್ 18ರಂದು, ಅಧಿಕಾರದಲ್ಲಿರುವಾಗಲೇ, ಅವರು ಅಲ್ಲಿ ನಿಧನ ಹೊಂದಿದರು. ಮರುವರ್ಷ ಸೈಪ್ರಸ್ ಸರಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿತು.

ಹಾಗಾದರೆ ನೇಟೋ ಕೂಟದಿಂದ ಏನೂ ಪ್ರಯೋಜನವಾಗಲಿಲ್ಲವೆ? 1964ರ ಜೂನಿನಲ್ಲಿ ತುರ್ಕಿಯು ದ್ವೀಪದ ಮೇಲೆ ಸೇನೆಯನ್ನಿಳಿಸಲು ಸಿದ್ಧವಾಗಿದ್ದಿತು. ಅಮೆರಿಕದ ಅಧ್ಯಕ್ಷ ಜಾನ್ಸನ್ನರು ತುರ್ಕಿಯ ಪ್ರಧಾನಿ ಇನೋನೂ ಅವರಿಗೆ ಜೂನ್ 5ರಂದು ಪತ್ರ ಬರೆದು, ಮಿತ್ರರ ಸಮ್ಮತಿಯಿಲ್ಲದ ಇಂಥ ಕಾರ್ಯದಿಂದ ಸೋವಿಯತ್ ಒಕ್ಕೂಟವು ಪ್ರವೇಶಿಸಿದರೆ, ತುರ್ಕಿಯನ್ನು ರಕ್ಷಿಸುವ ಬಾಧ್ಯತೆ ನೇಟೋ ರಾಷ್ಟ್ರಗಳಿಗೆ ಇದೆಯೆ ಎಂಬುದೇ ವಿಚಾರಣೀಯವಾದೀತೆಂದು ಎಚ್ಚರಿಸಿದರು. ಆಗಸ್ಟಿನಲ್ಲಿ ತುರ್ಕಿಯ ವಿಮಾನಗಳು ಬಾಂಬು ಹಾಕಿದುದು ನಿಜ. ಆದರೆ ಆ ವರ್ಷ ಸೇನೆ ಇಳಿಯಲಿಲ್ಲ. ಕಾವಲಿಗೆ ಒಲ್ಲದ ಕೂಟವು, ತನ್ನ ಸದಸ್ಯನ ಕೈಹಿಡಿದು ನಿಲ್ಲಿಸಲು ಒದಗಿತು. ಆ ಹಿಡಿತ ಶಾಶ್ವತವಾಗಿರಲಿಲ್ಲ: 1974ರ ಜುಲೈಯಲ್ಲಿ ಗ್ರೀಸಿನ ಸೈನಿಕ ಸರಕಾರದ ಪ್ರೇರಣೆಯಿಂದ ಕ್ರಾಂತಿಯಾಗಿ, ತುರ್ಕಿಯು ಸೇನೆಯನ್ನಿಳಿಸಿದಾಗ, ಕೂಟದ ತಡೆಯೂ ಶಾಂತಿಪಡೆಯ ಕಾವಲೂ ಸಾಲದೆ ಹೋದವು. ಮೂರು ತಿಂಗಳಿಗೆಂದು ಬಂದ ಪಡೆ ಇಂದಿಗೂ ಅಲ್ಲಿದೆ.

2

ಎರಡನೆಯ ಪ್ರಸಂಗದಲ್ಲಿ ಭಾರತವು ತಟಸ್ಥನಲ್ಲ, ನೆರೆಯವನು. ಏಳು ರಾಷ್ಟ್ರಗಳ ದಕ್ಷಿಣ ಏಷ್ಯ ಪ್ರಾದೇಶಿಕ ಸಹಕಾರ ಸಂಘವು, ಅಂದರೆ ಸಾರ್ಕ್, 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸ್ಥಾಪಿತವಾಯಿತು. ಅದರ ಸನ್ನದಿನ 10ನೆಯ ವಿಧಿಯಂತೆ ಎಲ್ಲ ತೀರ್ಮಾನಗಳೂ ಸರ್ವಾನುಮತದಿಂದ ಆಗತಕ್ಕವು; ದ್ವಿಪಕ್ಷೀಯವಾದ ಹಾಗೂ ವಿವಾದಾಸ್ಪದವಾದ ವಿಷಯಗಳು ಚರ್ಚೆಗೆ ಬರತಕ್ಕವಲ್ಲ. ಈ ನಿರ್ಬಂಧವಿಲ್ಲದಿದ್ದರೆ ಸಂಘವೇ ಹುಟ್ಟುತ್ತಿರಲಿಲ್ಲವೆಂಬ ವಾದದಲ್ಲಿ ಹುರುಳಿದೆ. ಆದರೆ ವಿಶ್ವಸಂಸ್ಥೆಯ 52ನೆಯ ವಿಧಿಯು ಪ್ರಾದೇಶಿಕ ಕೂಟಗಳಿಂದ ನಿರೀಕ್ಷಿಸಿದ ಕಾರ್ಯವನ್ನೇ ಇದು ಬಾಗಿಲ ಹೊರಗಿಟ್ಟಿತು.

ಸಂಘದ ಎರಡನೆಯ ಶೃಂಗಸಭೆಯು 1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ಸೇರಿತು. ಕಠ್ಮಂಡುವಿನಲ್ಲಿ ಸಚಿವಾಲಯವನ್ನು ಸ್ಥಾಪಿಸುವ ಒಪ್ಪಂದವು ಇಲ್ಲಿ ಆಯಿತು. ಅದೇ ಸಮಯದಲ್ಲಿ ಶ್ರೀಲಂಕೆಯ ಅಂತರ್ಯುದ್ಧವು ಉಲ್ಬಣಿಸಿದ್ದಿತು. ಪ್ರಧಾನಿ ರಾಜೀವ್ ಗಾಂಧಿಯವರೂ ಅಧ್ಯಕ್ಷ ಜಯವರ್ಧನೆಯವರೂ ಈ ನಗರದಲ್ಲಿ ಅದನ್ನು ಕುರಿತು ಮಾತನಾಡಿದರು. ಆದರೆ ಅದು ಸಭೆಯ ಪಕ್ಕದಲ್ಲಿ ನಡೆದ ಮಾತು, ಸಭೆಯ ಮಾತಲ್ಲ. ಪ್ರದೇಶದ ಅತಿ ಘೋರವಾದ ಕಲಹವು ಪ್ರದೇಶದ ಸಭೆಯ ಕಾರ್ಯಸೂಚಿಯಲ್ಲಿರಲಿಲ್ಲ.

1987ರ ಜುಲೈ 29ರಂದು ಕೊಲಂಬೊದಲ್ಲಿ ಭಾರತ-ಶ್ರೀಲಂಕಾ ಒಪ್ಪಂದವಾಯಿತು. ಅದರ ನೆರವೇರಿಕೆಗೆ ಭಾರತವೇ ಹೊಣೆನಿಂತಿತು. ಶಾಂತಿಪಾಲನಾ ಪಡೆಯನ್ನೂ ಭಾರತವೇ ಕಳುಹಿಸಿತು. ಈ ಪಡೆಗೆ ಭದ್ರತಾ ಸಮಿತಿಯ ನಿರ್ಣಯವಿರಲಿಲ್ಲ, ಸಾರ್ಕ್ ಸಂಘದ ಬೆಂಬಲವೂ ಇರಲಿಲ್ಲ. ಸೈಪ್ರಸ್ಸಿನಲ್ಲಿ ಹೊಣೆಗಾರನಿಂದ ಕಾವಲುಗಾರನನ್ನು ಬೇರ್ಪಡಿಸಲಾಗಿದ್ದರೆ, ಇಲ್ಲಿ ಮಧ್ಯಸ್ಥನೂ ಹೊಣೆಗಾರನೂ ಕಾವಲುಗಾರನೂ ಒಬ್ಬನೇ ಆದನು. ಅಕ್ಟೋಬರಿನ ವೇಳೆಗೆ ಕಾವಲುಗಾರನು ಯೋಧನಾಗಬೇಕಾಯಿತು. 1990ರ ಮಾರ್ಚಿಯಲ್ಲಿ ಪಡೆ ಹಿಂದಿರುಗುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಮಡಿದಿದ್ದರು.

3

ಈ ಎರಡು ಪ್ರಸಂಗಗಳಿಂದ ಪ್ರಾದೇಶಿಕ ಪಡೆಗಳು ಎಲ್ಲಿಯೂ ಸಲ್ಲವೆಂದು ತೀರ್ಮಾನಿಸುವುದು ಆತುರವಾದೀತು. 1990ರಲ್ಲಿ ಪಶ್ಚಿಮ ಆಫ್ರಿಕದ ರಾಷ್ಟ್ರಗಳ ಆರ್ಥಿಕ ಕೂಟವು ಲೈಬೀರಿಯಕ್ಕೆ ತನ್ನದೇ ಪಡೆಯನ್ನು ಕಳುಹಿಸಿತು. ಅದರಲ್ಲಿ ನೈಜೀರಿಯದ ಪ್ರಾಬಲ್ಯವಿದ್ದುದರಿಂದ ಅದರ ಮೇಲೂ ಶಂಕೆಯಿದ್ದಿತು. 1993ರಲ್ಲಿ ಭದ್ರತಾ ಸಮಿತಿಯು ಆ ಪಡೆಯನ್ನು ತೆಗೆಯಲಿಲ್ಲ. ಅದರ ಜೊತೆಗೆ ವಿಶ್ವಸಂಸ್ಥೆಯ ವೀಕ್ಷಕರನ್ನು ನಿಲ್ಲಿಸಿತು. 2007ರಲ್ಲಿ ಸುಡಾನಿನ ದಾರ್ಫುರ್ ಪ್ರಾಂತಕ್ಕೆ ಆಫ್ರಿಕನ್ ಒಕ್ಕೂಟವೂ ವಿಶ್ವಸಂಸ್ಥೆಯೂ ಕೂಡಿಯೇ ಒಂದು ಪಡೆಯನ್ನು ರಚಿಸಿದವು.

ಆದುದರಿಂದ ಮುಖ್ಯವಾದ ಪ್ರಶ್ನೆ ದೂರ-ಹತ್ತಿರಗಳದಲ್ಲ, ನಂಬಿಕೆಯದು. ಕಾವಲುಗಾರನನ್ನು ಉಭಯಪಕ್ಷಗಳೂ ನಂಬುವಂತಿರಬೇಕು. ಹಾಗಿಲ್ಲದಲ್ಲಿ ಅವನನ್ನು ನೋಡಿಕೊಳ್ಳುವ ಇನ್ನೊಬ್ಬನಾದರೂ ಇರಬೇಕು. ತನ್ನ ಸದಸ್ಯರನ್ನು ತಡೆಯುವ, ಮಾತಿಗೆ ಕೂರಿಸುವ ಕೆಲಸ ಪ್ರಾದೇಶಿಕ ಕೂಟಕ್ಕೆ ಸಹಜವಾದುದು. ಅದಕ್ಕೆ ಕಲಹವನ್ನು ಹೆಸರಿಡಿದು ಚರ್ಚಿಸುವ ಅಧಿಕಾರವಿರಬೇಕು. ಆ ಅಧಿಕಾರವನ್ನು ಬಿಟ್ಟುಕೊಟ್ಟ ಸಂಘವು ಕಲಹಗಳಿಂದ ತಪ್ಪಿಸಿಕೊಳ್ಳುವುದಿಲ್ಲ. 2014ರ ಕಠ್ಮಂಡು ಸಭೆಯ ತರುವಾಯ, 2016ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಾಗಿದ್ದ ಸಾರ್ಕ್ ಶೃಂಗಸಭೆಯು ಸೇರದೆ ಹೋದುದು, ಚರ್ಚೆಗೆ ಬಾರದೆಂದು ಹೊರಗಿಟ್ಟ ದ್ವಿಪಕ್ಷೀಯ ವಿವಾದದ ಕಾರಣದಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು.