ಸಾರಿಗೆ ನೌಕರರ ವೇತನ: ಒಪ್ಪಂದ, ಮುಷ್ಕರ ಮತ್ತು ಹೊಸ ಸಂಹಿತೆ

ಪೆರೇಸಂದ್ರ: ಚಿಕ್ಕಬಳ್ಳಾಪುರ-ಬಾಗೇಪಲ್ಲಿ ನಡುವಿನ ಹೆದ್ದಾರಿಯಲ್ಲಿ ಪೆರೇಸಂದ್ರದಲ್ಲಿ ಕೆಂಪು ಬಸ್ ಹತ್ತುವ ಸರ್ಕಾರಿ ಶಾಲೆಯ ಶಿಕ್ಷಕರಿಗೂ, ಅವರಿಗೆ ಟಿಕೆಟ್ ಕೊಡುವ ನಿರ್ವಾಹಕರಿಗೂ ಸಂಬಳ ಒಂದೇ ಬೊಕ್ಕಸದಿಂದ ಬರುತ್ತದೆ ಎಂಬುದು ಜನಸಾಮಾನ್ಯರ ತಿಳಿವಳಿಕೆ. ವಾಸ್ತವ ಹಾಗಿಲ್ಲ. ಶಿಕ್ಷಕರ ವೇತನವನ್ನು ಸರ್ಕಾರ ವೇತನ ಆಯೋಗದ ವರದಿ ಆಧರಿಸಿ ನಿರ್ಧರಿಸುತ್ತದೆ. ನಿರ್ವಾಹಕರ ವೇತನವಾದರೋ ನಾಲ್ಕು ವರ್ಷಗಳಿಗೊಮ್ಮೆ ಕಾರ್ಮಿಕ ಸಂಘಗಳ ಜತೆಗಿನ ಮಾತುಕತೆಯಲ್ಲಿ ಪರಿಷ್ಕರಣೆಯಾಗುವುದು ವಾಡಿಕೆ. ಆದ್ದರಿಂದ ಸಂಘ, ಸಂಧಾನ, ಮುಷ್ಕರಗಳ ಕಾನೂನಿನಲ್ಲಿ ಆಗುವ ಯಾವುದೇ ಬದಲಾವಣೆ ನೇರವಾಗಿ ಸಾರಿಗೆ ನೌಕರರ ಸಂಬಳದ ಚೀಟಿಯನ್ನೇ ತಟ್ಟುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ-2020 ಅಂತಹ ಒಂದು ಬದಲಾವಣೆ.

ಎರಡು ದಾರಿ

ವ್ಯತ್ಯಾಸ ಎಷ್ಟೆಂಬುದನ್ನು 2023ರ ಮಾರ್ಚ್ ತಿಂಗಳೊಂದೇ ತೋರಿಸಿಕೊಟ್ಟಿತು. ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಆರಂಭಿಸಿದರು. ಅದೇ ದಿನ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಹೊರಬಿದ್ದು ಮುಷ್ಕರ ಮುಗಿಯಿತು. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಯಾಗಿ, ಕನಿಷ್ಠ ಮೂಲವೇತನ 17,000 ರೂ.ಗಳಿಂದ 27,000 ರೂ.ಗಳಿಗೆ ಏರಿತು.

ಸಾರಿಗೆ ನೌಕರರಿಗೆ ಅದೇ ಮಾರ್ಚ್‌ನಲ್ಲಿ ದೊರೆತದ್ದು ಶೇ. 15ರ ಹೆಚ್ಚಳ. ಅದು 2020ರ ಜನವರಿ 1ರಿಂದ ಸಲ್ಲಬೇಕಿದ್ದ ಪರಿಷ್ಕರಣೆ. ಆದರೆ ಆದೇಶ ಅನ್ವಯವಾದದ್ದು 2023ರ ಮಾರ್ಚ್ 1ರಿಂದ. ನಡುವಿನ 38 ತಿಂಗಳ ಬಾಕಿಯೇ ಮುಂದಿನ ಜಗಳದ ಬೇರು.

ಈ ಅಂತರದಿಂದಲೇ 'ನಮ್ಮನ್ನೂ ಸರ್ಕಾರಿ ನೌಕರರೆಂದು ಪರಿಗಣಿಸಿ' ಎಂಬ ಕೂಗು ಹುಟ್ಟಿತು. 2020ರ ಡಿಸೆಂಬರ್‌ನಲ್ಲಿ ನಾಲ್ಕು ದಿನ ಬಸ್ಸುಗಳು ನಿಂತದ್ದು ಈ ಬೇಡಿಕೆಗೆ. 2021ರ ಏಪ್ರಿಲ್ 7ರಿಂದ ಎರಡು ವಾರ ನಡೆದ ಮುಷ್ಕರ ಆರನೇ ವೇತನ ಆಯೋಗದ ಶ್ರೇಣಿಗಾಗಿ. ಕೋವಿಡ್ ಎರಡನೇ ಅಲೆಯ ನಡುವೆ ಕೈಬಿಟ್ಟ ಆ ಮುಷ್ಕರದ ಬೆಲೆಯಾಗಿ ಅನೇಕರು ವಜಾ, ವರ್ಗಾವಣೆಗಳನ್ನು ಅನುಭವಿಸಬೇಕಾಯಿತು. ಸರ್ಕಾರಿ ನೌಕರನೆನಿಸಿಕೊಳ್ಳುವುದು ಕೇವಲ ಲಾಭವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು: ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಾಗಲಿ, ಕಾನೂನಿನ ಹಕ್ಕಾಗಲಿ ಇಲ್ಲವೆಂದು ತಮಿಳುನಾಡಿನ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ತೀರ್ಪಿತ್ತಿದೆ. ನಿಗಮದ ಕಾರ್ಮಿಕನಿಗೆ ಆ ಹಕ್ಕು, ಷರತ್ತುಗಳೊಂದಿಗಾದರೂ, ಕಾಯ್ದೆಯಲ್ಲಿಯೇ ಇದೆ.

ಆಗಸ್ಟ್ 5ರ ಪಾಠ

ಆ ಷರತ್ತುಗಳು ಎಷ್ಟು ಬಿಗಿ ಎಂಬುದು 2025ರಲ್ಲಿ ಗೊತ್ತಾಯಿತು. 38 ತಿಂಗಳ ಬಾಕಿ ಸುಮಾರು 1,785 ಕೋಟಿ ರೂ. ಹಾಗೂ 2024ರ ಜನವರಿ 1ರಿಂದ ಶೇ. 25ರ ಹೆಚ್ಚಳ ಕೋರಿ ಜಂಟಿ ಕ್ರಿಯಾ ಸಮಿತಿ ಆಗಸ್ಟ್ 5ರಿಂದ ಮುಷ್ಕರಕ್ಕೆ ಕರೆಯಿತ್ತಿತು. ಏಕಸದಸ್ಯ ಸಮಿತಿಯ ಶಿಫಾರಸಿನಂತೆ 14 ತಿಂಗಳ ಬಾಕಿ ಮಾತ್ರ ಕೊಡಬಹುದೆಂಬುದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ನಿಲುವು. ಮಾತುಕತೆ ಮುರಿಯಿತು. ಅಷ್ಟರಲ್ಲಿ ಸರ್ಕಾರ ಎಸ್ಮಾ ಅಡಿಯಲ್ಲಿ ವರ್ಷಾಂತ್ಯದವರೆಗೆ ಮುಷ್ಕರ ನಿಷೇಧಿಸಿತ್ತು. ಆಗಸ್ಟ್ 4ರಂದು ಹೈಕೋರ್ಟ್ ಒಂದು ದಿನದ ತಡೆಯನ್ನೂ ನೀಡಿತು. ಆದರೂ ಮರುದಿನ ಬೆಳಿಗ್ಗೆ ಬಸ್ಸುಗಳು ನಿಂತವು. ನ್ಯಾಯಾಲಯ ಕಠಿಣ ಎಚ್ಚರಿಕೆ ಕೊಟ್ಟ ಮೇಲೆ ಅದೇ ದಿನ ಮುಷ್ಕರವನ್ನು ತಡೆಹಿಡಿಯಲಾಯಿತು. ರೈಲು ಕಾಣದ ಗುಡಿಬಂಡೆಯ ಕಡೆಗೆ ಪೆರೇಸಂದ್ರದಲ್ಲಿ ತಿರುಗುವ ಪ್ರಯಾಣಿಕರಂತಹವರಿಗೆ ಬಸ್ ನಿಂತರೆ ದಾರಿಯೇ ನಿಂತಂತೆ; ನ್ಯಾಯಾಲಯಗಳು ಮೊದಲು ನೋಡುವುದು ಅದನ್ನೇ.

ಸಂಹಿತೆಯಲ್ಲಿ ಹೊಸದೇನು?

ಕಾರ್ಮಿಕ ಸಂಘಗಳ ಕಾಯ್ದೆ-1926, ಸ್ಥಾಯಿ ಆದೇಶಗಳ ಕಾಯ್ದೆ-1946, ಕೈಗಾರಿಕಾ ವಿವಾದ ಕಾಯ್ದೆ-1947 ಈ ಮೂರರ ಜಾಗಕ್ಕೆ ಸಂಹಿತೆ ಬಂದಿದೆ. ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಕಡ್ಡಾಯವೆಂಬ ವಿಧಿಯ ಬಗ್ಗೆಯೇ ಹೆಚ್ಚಿನ ಚರ್ಚೆಯಾಗಿದೆ. ಆದರೆ ಅದು ಸಾರಿಗೆ ನೌಕರರಿಗೆ ಹೊಸತಲ್ಲ. ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಹಳೆಯ ಕಾಯ್ದೆಯಲ್ಲಿಯೇ ಇದ್ದ ನಿಯಮವನ್ನು ಈಗ ಎಲ್ಲ ಕೈಗಾರಿಕೆಗಳಿಗೂ ವಿಸ್ತರಿಸಲಾಗಿದೆ. ಸಂಧಾನ ನಡೆಯುತ್ತಿರುವಾಗ ಮತ್ತು ಮುಗಿದ ಏಳು ದಿನಗಳವರೆಗೆ ಮುಷ್ಕರ ಸಲ್ಲದೆಂಬುದೂ ಹಳೆಯದೇ.

ಹೊಸತು ಎರಡು. ಒಂದು, ನಿಗದಿತ ದಿನ ಶೇ. 50 ಅಥವಾ ಹೆಚ್ಚು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. 'ಸಾಮೂಹಿಕ ರಜೆ' ಎಂಬ ಹಳೆಯ ಉಪಾಯ ಇನ್ನು ನಡೆಯದು.

ಎರಡನೆಯದು ಇನ್ನೂ ದೊಡ್ಡದು. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಸಂಸ್ಥೆಯಲ್ಲಿ ಹಾಜರಾತಿ ಪಟ್ಟಿಯ ಶೇ. 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘವೇ ಆಡಳಿತದೊಡನೆ ಮಾತನಾಡುವ ಏಕೈಕ ಸಂಘ. ಯಾರಿಗೂ ಅಷ್ಟು ಬಲವಿಲ್ಲದಿದ್ದರೆ, ಕನಿಷ್ಠ ಶೇ. 20 ಬೆಂಬಲವಿರುವ ಸಂಘಗಳ ಪ್ರತಿನಿಧಿಗಳಿಂದ ಸಂಧಾನ ಮಂಡಳಿ ರಚನೆಯಾಗುತ್ತದೆ, ಪ್ರತಿ ಶೇ. 20ಕ್ಕೆ ಒಬ್ಬ ಪ್ರತಿನಿಧಿ. ಮಾನ್ಯತೆಯ ಅವಧಿ ಮೂರು ವರ್ಷ, ಒಪ್ಪಿಗೆಯಿದ್ದರೆ ಒಟ್ಟು ಐದು ವರ್ಷದವರೆಗೆ. ಅದಕ್ಕಿಂತ ಕಡಿಮೆ ಬಲದ ಸಂಘಕ್ಕೆ ನೋಂದಣಿ ಉಳಿದೀತು, ಮೇಜಿನ ಬಳಿ ಕುರ್ಚಿ ಉಳಿಯದು.

ಸಾರಿಗೆ ನಿಗಮಗಳಲ್ಲಿ ಇದರ ಪರಿಣಾಮ ಸುಲಭವಾಗಿ ಊಹಿಸಬಹುದು. ನಾಲ್ಕು ವರ್ಷದ ಒಪ್ಪಂದವೇ ಇರಲಿ ಎನ್ನುವ ಸಂಘಗಳೂ, ವೇತನ ಆಯೋಗವೇ ಬೇಕೆನ್ನುವ ಸಂಘಗಳೂ ಅಲ್ಲಿವೆ. ಯಾವ ಬೇಡಿಕೆ ಮೇಜಿನ ಮೇಲೆ ಬರುತ್ತದೆಂಬುದನ್ನು ಇನ್ನು ನಿರ್ಧರಿಸುವುದು ತಲೆಎಣಿಕೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ಬಾಗೇಪಲ್ಲಿ ಘಟಕಗಳ ಚಾಲಕ, ನಿರ್ವಾಹಕ, ಮೆಕ್ಯಾನಿಕ್‌ಗಳ ಪಾಲಿಗೆ ಯಾವ ಸಂಘದ ರಸೀದಿ ಜೇಬಿನಲ್ಲಿದೆ ಎಂಬುದು ಹಿಂದೆಂದಿಗಿಂತ ಮಹತ್ವದ್ದು.

ದಂಡದ ಲೆಕ್ಕವೂ ಬದಲಾಗಿದೆ. 1947ರ ಕಾಯ್ದೆಯಲ್ಲಿ ಅಕ್ರಮ ಮುಷ್ಕರದಲ್ಲಿ ಭಾಗವಹಿಸಿದ ಕಾರ್ಮಿಕನಿಗೆ ಗರಿಷ್ಠ 50 ರೂ. ದಂಡವಿತ್ತು. ಸಂಹಿತೆಯಲ್ಲಿ ಅದು 1,000ದಿಂದ 10,000 ರೂ. ಕರೆ ಕೊಟ್ಟು ಪ್ರಚೋದಿಸಿದವರಿಗೆ 10,000ದಿಂದ 50,000 ರೂ. ಇವರಿಬ್ಬರಿಗೂ ಒಂದು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ.